ಬಿಸಿಲಿಗೆ ಕಾಯಿಸಿದ ಹಗ್ಗ

ಅನ್ನೂರು,
೧೪ ಡಿಸೆಂಬರ್ ೧೯೮೬

ನನ್ನ ತಂಗಿ ನಾಚಿಯಮ್ಮನಿಗೆ,

ನೀನು ಇದನ್ನು ಓದಲಾರೆ ಎಂಬುದನ್ನು ಅರಿತೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ತಮಿಳು ಸೀಮೆಯ ನೇಕಾರರಾದರೂ ನಮ್ಮ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ. ಆದರೆ ಈ ಲಿಪಿಯನ್ನು ಓದಬಲ್ಲವರು ನಾವಿಬ್ಬರೇ ಇದ್ದೆವು. ಜವಳಿ ಡಿಪ್ಲೊಮಾಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ನಾನು ಕಲಿತೆ, ಬಂದು ನಿನಗೆ ಕಲಿಸಿದೆ. ಈ ಕಾಗದ ಅಮ್ಮನ ಕೈಗೆ ಸಿಕ್ಕರೂ ಇದರಲ್ಲಿ ಇರುವುದು ಅವರಿಗೆ ತಿಳಿಯುವುದಿಲ್ಲ. ತಿಳಿಯಬಾರದು.

ಪೋತ್ತನೂರಿನ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದವಳು ನೀನು, ೧೯೭೪ರಲ್ಲಿ ಒಂದು ತಿಂಗಳ ಪರ್ವತಾರೋಹಣ ತರಬೇತಿಗೆಂದು ಹೊರಟೆ. ಹಿಂದಿರುಗಿದ ಮೇಲೆ ನಿನಗೆ ಬಯಲಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹಿಮಾಲಯದಿಂದ ನೀನು ಬರೆದ ಮೊದಲ ಕಾಗದ ನನ್ನ ಬಳಿ ಇದೆ. "ಅಣ್ಣಾ, ಇಲ್ಲಿ ಎಲ್ಲಾರೂ ಹತ್ತು ಹೆಜ್ಜೆ ಓಡ್ತಾರೆ, ಆಮೇಲೆ ನಾಯಿ ಮಾದಿರಿ ಏದುಸಿರು ಬಿಡ್ತಾರೆ. ನಾನು ಪಾವಿಗೆ ಗಂಜಿ ತೀಡೋ ನಡೆ ನಡೀತೀನಿ. ಯಾರೂ ನನ್ನ ದಾಟಕ್ಕಾಗಲ್ಲ." ನಮ್ಮ ಬೀದಿಯುದ್ದಕ್ಕೂ ಪಾವನ್ನು, ಮಗ್ಗದ ಹಾಸುನೂಲನ್ನು, ಗೂಟಗಳಿಗೆ ಎಳೆದು ಕಟ್ಟಿ, ಗಂಜಿಯ ಕುಂಚ ಹಿಡಿದು, ಬೆಳಗಿನಿಂದ ಹಿಂದಕ್ಕೂ ಮುಂದಕ್ಕೂ ಒಂದೇ ವೇಗದಲ್ಲಿ ನಡೆಯುವ ಆ ನಡೆಯನ್ನು ನೀನು ಏಳನೆಯ ವಯಸ್ಸಿನಲ್ಲಿ ಅಮ್ಮನಿಂದ ಕಲಿತಿದ್ದೆ. ಅದೇ ನಿನ್ನನ್ನು ೧೯೭೯ರಲ್ಲಿ ಬೋಧಕಿಯನ್ನಾಗಿ ಮಾಡಿತು; ೧೯೮೧ರಲ್ಲಿ ಗಢವಾಲದ ಆರು ಸಾವಿರದ ನಾನೂರು ಮೀಟರಿಗೂ, ಎರಡು ವರ್ಷದ ಮೇಲೆ ಏಳು ಸಾವಿರ ಮೀಟರಿಗೂ ಏರಿಸಿತು.

ಆ ಏಳು ಸಾವಿರದ ಶಿಖರ ನಿನ್ನ ಬಲಗಾಲಿನ ಎರಡು ಬೆರಳುಗಳನ್ನು ಇಟ್ಟುಕೊಂಡಿತು. ಹಿಮ ಕಚ್ಚಿ ಕಪ್ಪಾದ ಬೆರಳುಗಳನ್ನು ಕತ್ತರಿಸಿದರೆಂದು ನೀನು ನಗುತ್ತಲೇ ಹೇಳಿದೆ. ಅಮ್ಮ ನಗಲಿಲ್ಲ. "ಮಗ್ಗ ತುಳಿಯೋ ಕಾಲಡೀ ಅದು! ಯಾವನ ಮನೇದು ಅಂತ ಮಲೆಗೆ ಕೊಟ್ಟು ಬಂದೆ?" ಎಂದವರು ಅಂದಿನಿಂದ ನಿನ್ನೊಡನೆ ಮಾತು ಬಿಟ್ಟರು. ನೀನು ರಜೆಗೆ ಬಂದರೆ ತಟ್ಟೆಗೆ ಅನ್ನ ಬಡಿಸುತ್ತಿದ್ದರು, ಸಾರು ಬೇಕೇ ಎಂದು ಮಾತ್ರ ನನ್ನ ಮೂಲಕ ಕೇಳಿಸುತ್ತಿದ್ದರು. ಎರಡೂವರೆ ವರ್ಷ.

ಈ ವರ್ಷ ಪೊಂಗಲ್‌ಗೆ ಬಂದವಳು ನಿನ್ನ ಸ್ವಂತ ಹಗ್ಗವನ್ನು ಮೂಟೆಯಲ್ಲಿ ಕಟ್ಟಿ ಇಲ್ಲಿಯೇ ಬಿಟ್ಟುಹೋದೆ. ಜಪಾನಿನ ತಂಡವೊಂದು ಮಾರಿಹೋಗಿದ್ದ ಬಿಳಿಯ ನೈಲಾನ್ ಹಗ್ಗ. ಮಾರ್ಚಿನ ಮೊದಲ ಭಾನುವಾರ ನಾನು ಗಿರಣಿಯ ವಸತಿಯಿಂದ ಮನೆಗೆ ಬಂದಾಗ ಅದು ಪಾವಿನ ಗೂಟಗಳ ನಡುವೆ ಬಿಸಿಲಿನಲ್ಲಿ ಬಿಗಿದು ನಿಂತಿತ್ತು. ಅಮ್ಮ ಅದರ ಮೇಲಿನ ಬೂಷ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ಮೂಟೆ ಒಳಗೇ ಇಟ್ಟುಬುಟ್ಟು ಹೋಗವ್ಳೆ, ಪೂಸಣ ಹಿಡಿದೈತೆ ನೋಡು. ಕಾಯಿಸಿದ್ರೆ ಕಲ್ಲು ಮಾದಿರಿ ಆಗುತ್ತೆ."

ಎದುರುಮನೆಯ ಅಂಗಮ್ಮ ಬಿಡಲಿಲ್ಲ. "ಏನಕ್ಕಾ, ಆನೆ ಕಟ್ಟಕ್ಕೆ ಹಗ್ಗವಾ?"

"ಆನೆ ಯಾಕಡೀ, ಆ ಮಲೇನೇ ಕಟ್ಟಿ ಎಳ್ಕೊಂಡು ಬರ್ತಾಳೆ ನನ್ನ ಮಗಳು."

ನನ್ನ ಮಗಳು. ಆ ಎರಡು ಶಬ್ದಗಳನ್ನು ಅವರ ಬಾಯಿಂದ ಕೇಳಿ ನಾನು ಸುಮ್ಮನಾದೆ. ಹತ್ತಿಯ ನೂಲು ಬಲ್ಲ ಬೀದಿ ನಮ್ಮದು; ಒದ್ದೆ ಉಳಿದರೆ ಕೊಳೆಯುತ್ತದೆ, ಒಣಗಿದರೆ ಉಳಿಯುತ್ತದೆ. ನೈಲಾನನ್ನು ಬಿಸಿಲು ಕಣ್ಣಿಗೆ ಕಾಣದಂತೆ ತಿನ್ನುತ್ತದೆಂದು ಅಮ್ಮನಿಗೆ ಹೇಗೆ ತಿಳಿಯಬೇಕು? ನನಗೆ ತಿಳಿದಿತ್ತು. ಗಿರಣಿಯ ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತೇಳು ವರ್ಷದಿಂದ ನೂಲು ಹರಿದು ನೋಡುವುದೇ ನನ್ನ ಕೆಲಸ. ನಿನ್ನ ಹಗ್ಗ ಹೊಸದಿದ್ದಾಗಲೂ ತುದಿಯಿಂದ ಎಳೆಗಳನ್ನು ಬಿಡಿಸಿ ಪರೀಕ್ಷಿಸಿದ್ದೆ. ಒಂದೊಂದು ಎಳೆಯೂ ಇಪ್ಪತ್ತೊಂದು ಕಿಲೋ ತಡೆದಿತ್ತು. ಮುಂದಿನ ಭಾನುವಾರ ಹೇಳೋಣವೆಂದುಕೊಂಡೆ. ಜುಲೈ ಮುಗಿಯುವವರೆಗೂ ಪ್ರತಿ ಭಾನುವಾರ ಹಗ್ಗ ಗೂಟದ ಮೇಲಿತ್ತು, ಅಮ್ಮ ಅದರ ಪಕ್ಕದಲ್ಲಿದ್ದರು, ನಿನ್ನ ವಿಷಯ ಮಾತನಾಡುತ್ತಿದ್ದರು.

ಆಗಸ್ಟಿನಲ್ಲಿ ನೀನು ಬಂದೆ. ಬಸ್ ನಿಲ್ದಾಣಕ್ಕೆ ಹಗ್ಗದ ಸುರುಳಿಯನ್ನು ಅಮ್ಮನೇ ಹೊತ್ತು ತಂದು ನಿನ್ನ ಹೆಗಲಿಗೆ ಏರಿಸಿದರು.

"ಕಾಯಿಸಿ ಇಟ್ಟಿವ್ನಿ. ತಗೋ."

ನಿನ್ನ ಮುಖ ಹೇಗಾಯಿತೆಂದು ಬರೆಯಲು ನನಗೆ ಬಾರದು. ಆದರೂ ನೀನು ಬೋಧಕಿಯಲ್ಲವೇ, ಕೇಳಿಯೇ ಕೇಳಿದೆ: "ಎಷ್ಟು ದಿವಸ ಬಿಸಿಲಿಗೆ ಹಾಕಿದ್ದೆಮ್ಮಾ?"

ಅಮ್ಮನಿಗೆ ನಾಚಿಕೆಯಾಯಿತು. ಮಾತು ಬಿಟ್ಟ ಮಗಳ ಹಗ್ಗವನ್ನು ಐದು ತಿಂಗಳು ಮಗುವಿನಂತೆ ನೋಡಿಕೊಂಡೆನೆಂದು ಆ ಹೆಂಗಸು ಒಪ್ಪಿಕೊಂಡಾರೇ? "ಏ, ಎಲ್ಲಿ! ಎರಡು ದಿವಸ. ಪೂಸಣ ಹೋಗ್ಲಿ ಅಂತ" ಎಂದು ನನ್ನ ಕಡೆ ನೋಡಿದರು. ಹೇಳಿಬಿಡಬೇಡ ಎಂಬ ನೋಟ. ನೀನೂ ನನ್ನನ್ನೇ ನೋಡಿದೆ. ಐದು ತಿಂಗಳು ಎಂಬ ಎರಡು ಶಬ್ದ ಸಾಕಿತ್ತು, ನಾಚಿ. ನಾನು ಹೇಳಿದ್ದು, "ಬಸ್ ಬಂತು." ಕಿಟಕಿಯಿಂದ ನೀನು ಕೂಗಿದೆ: "ಅಮ್ಮಾ, ಈ ತಡವೆ ಮಲೆ ಹತ್ತುವಾಗ ಇದನ್ನೇ ಸೊಂಟಕ್ಕೆ ಕಟ್ಟಿಕೊತೀನಿ!"

ಅಕ್ಟೋಬರ್ ಒಂಬತ್ತರಂದು ಶಿಖರದಿಂದ ಇಳಿಯುವಾಗ ನೀನು ಎಲ್ಲರಿಗಿಂತ ಹಿಂದೆ ಇದ್ದೆ. ಮಂಜುಗಡ್ಡೆಯ ಇಳಿಜಾರಿನಲ್ಲಿ ಕಾಲು ಜಾರಿತು, ಹಗ್ಗ ಬಿಗಿಯಿತು, ಹರಿಯಿತು. ತಂಡದ ನಾಯಕರು ಇಂಗ್ಲಿಷಿನಲ್ಲಿ ಬರೆದ ವರದಿಯಲ್ಲಿ ಇಷ್ಟೇ ಇದೆ. ಮಂಜುಗಡ್ಡೆಗೆ ಹೊಡೆದ ಗೂಟದಲ್ಲಿ ಉಳಿದಿದ್ದ ಎರಡು ಮೀಟರ್ ತುಂಡನ್ನೂ ಕಳಿಸಿದ್ದಾರೆ. ವರದಿಯನ್ನು ಅಮ್ಮನಿಗೆ ಓದಿ ಹೇಳುವಾಗ 'ಹರಿಯಿತು' ಎಂಬ ಮೂರನೆಯ ಮಾತನ್ನು ಬಿಟ್ಟೆ.

ಆದರೆ ತುಂಡು ಅವರ ಮಡಿಲಲ್ಲಿತ್ತು. ಹರಿದ ತುದಿಯನ್ನು ಬೆರಳಿನಿಂದ ಸವರುತ್ತಾ ಕೂತರು. ಹತ್ತು ದಿನಗಳಾದ ಮೇಲೆ ಕೇಳಿದರು: "ರಾಮಲಿಂಗಂ, ಇದು ಚೆಂದಾಗಿತ್ತಲ್ಲಪ್ಪಾ? ನಿನ್ನ ಮಿಷಿನಲ್ಲಿ ಇಟ್ಟು ನೋಡಿ ಹೇಳು. ಇಲ್ಲಾಂದ್ರೆ ನನಗೆ ಒಂದು ಹಿಡಿ ಸೋರೂ ಗಂಟಲಲ್ಲಿ ಇಳಿಯಕ್ಕಿಲ್ಲ." ಮಗ ನೂಲಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ ಎಂಬ ನಂಬಿಕೆಯಿಂದ ಕೇಳಿದರು.

ಎಳೆ ಬಿಡಿಸಿ ಹನ್ನೆರಡು ಬಾರಿ ಪರೀಕ್ಷಿಸಿದೆ. ಒಂಬತ್ತು ಕಿಲೋ ದಾಟಿದ ಎಳೆ ಒಂದೂ ಇಲ್ಲ.

ಮನೆಗೆ ಬಂದು, "ಹಗ್ಗ ಹೊಸದರ ಹಾಗೇ ಇದೆಯಮ್ಮಾ. ಕಲ್ಲಿನ ಅಂಚು ಕತ್ತಿಯ ಹಾಗೆ ಕುಯ್ದುಬಿಟ್ಟಿದೆ. ಯಾವ ಹಗ್ಗವಾದರೂ ಉಳಿಯುತ್ತಿರಲಿಲ್ಲ" ಎಂದೆ. ಅಮ್ಮ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಒಂದು ಹಿಡಿ ಅನ್ನ ಉಂಡರು. ಈಗ ಬೀದಿಯ ಹೆಂಗಸರಿಗೆಲ್ಲ ಅದನ್ನೇ ಹೇಳುತ್ತಾರೆ: ಹಗ್ಗದ್ದು ತಪ್ಪಿಲ್ಲ, ನನ್ನ ಮಗ ಮಿಷಿನಲ್ಲಿ ನೋಡಿದ್ದಾನೆ.

ಅವರು ಮಾಡಿದ್ದು ತಪ್ಪಲ್ಲ. ತಿಳಿದೂ ಬಾಯಿ ಮುಚ್ಚಿದವನು ನಾನೊಬ್ಬನೇ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಒಂದು ಉಪಕಾರ ಮಾತ್ರ ಕೇಳುತ್ತೇನೆ. ಅಮ್ಮನಿಗೆ ಎಪ್ಪತ್ತೆರಡು ದಾಟಿದೆ. ಒಂದು ದಿನ ನೀನಿರುವಲ್ಲಿಗೆ ಬರುತ್ತಾರೆ. ಬಂದೊಡನೆ ಕೇಳುವುದು ಇದನ್ನೇ. ಹಗ್ಗ ಚೆನ್ನಾಗಿತ್ತಮ್ಮಾ ಎಂದು ಹೇಳು, ತಾಯೀ.

ನೀನು ಮಲಗಿರುವ ಕಡೆ ಚಳಿ ನಿನ್ನನ್ನು ನೋಯಿಸದಿರಲಿ.

ನಿನ್ನ ಅಣ್ಣ,
ರಾಮಲಿಂಗಂ