ಅಂಗಿಯ ವಾಸನೆ

ಮಾರ್ಚ್ 4, ಬೆಳಿಗ್ಗೆ 7

ಕುಡಿತದ ಆಸೆ ತಗ್ಗಿಸುವ ಮಾತ್ರೆ ಆಯಿತು. ಹೆಂಡತಿಯ ಎದುರೇ ನುಂಗಬೇಕು, ನಾಲಿಗೆ ಎತ್ತಿ ತೋರಿಸಬೇಕು. ನಲವತ್ತಾರು ವರ್ಷದ ಗಂಡಸು! ಕುಡಿಯದೆ ಇಪ್ಪತ್ತೆರಡನೇ ದಿನ. ಆಸೆ: ಹತ್ತಕ್ಕೆ ಮೂರು. ಆಸೆ ಬಂದಾಗಲೆಲ್ಲ ಅಂಕ ಹಾಕಿ ಅಂದವರು ಡಾಕ್ಟರು. ಯಾರಿಗೂ ತೋರಿಸಬೇಕಾಗಿಲ್ಲವಂತೆ.

ಮಾರ್ಚ್ 6, ಸಂಜೆ

ಇಡೀ ದಿನ ಅಂಗಡಿಯಲ್ಲಿ ಗಿರಾಕಿಯ ಮರದ ಬೀರುವಿಗೆ ಪಾಲಿಶ್. ಪಾಲಿಶ್‌ನ ಅರಗು ಸ್ಪಿರಿಟ್‌ನಲ್ಲೇ ಕರಗಬೇಕು, ನೀರಿನಲ್ಲಿ ಕರಗುತ್ತದೆಯೇ? ಡಬ್ಬದ ಮುಚ್ಚಳ ತೆಗೆದರೆ ಬಾಯಲ್ಲಿ ನೀರು. ಆಸೆ: ಎಂಟು. ಮನೆಗೆ ಬಂದರೆ ಇವಳು ಅಂಗಿ ಮೂಸಿದಳು.

"ಮತ್ತೆ ಶುರು ಹಚ್ಕೊಂಡ್ರಾ?"

"ಕೆಲಸದ ವಾಸನೆ ಕಣೇ!"

"ಹದಿನೈದು ವರ್ಷದಿಂದ ಅದೇ ಮಾತು."

ಹೌದು, ಕುಡಿದು ಬಂದಾಗಲೆಲ್ಲ ಅದೇ ಸುಳ್ಳು ಹೇಳುತ್ತಿದ್ದೆ. ಈಗ ನಿಜ ಹೇಳೋಣವೆಂದರೆ ಬೇರೆ ಮಾತೇ ಇಲ್ಲ. ಮೈಯೆಲ್ಲ ಉರಿಯಿತು.

ಮಾರ್ಚ್ 11

ಬರೆದಿರಲಿಲ್ಲ. ಕುಡಿದಿದ್ದೆ. ಕುಡಿಯದೇ ಬೈಸಿಕೊಳ್ಳುವುದಕ್ಕಿಂತ ಕುಡಿದೇ ಬೈಸಿಕೊಳ್ಳೋಣ ಅಂತ... ಎರಡು ದಿನ. ಥೂ.

ಮಾರ್ಚ್ 12, ಮಧ್ಯಾಹ್ನ

ಡಾಕ್ಟರು ಬೈಯಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನಿಮ್ಮ ಮೆದುಳು ಆ ವಾಸನೆಯನ್ನ ಕಲಿತುಬಿಟ್ಟಿದೆ. ಮೂಗಿಗೆ ಬಡಿದ್ರೆ ಸಾಕು, 'ತಾ' ಅನ್ನುತ್ತೆ. 'ಬೇಡ' ಅನ್ನೋ ಭಾಗ ಸುಸ್ತಾಗಿದೆ, ಚೇತರಿಸ್ಕೊಳ್ಳೋಕೆ ತಿಂಗಳುಗಳೇ ಬೇಕು. ಮಾತ್ರೆ ಬಿಡ್ಬೇಡಿ. ಆಸೆ ಏರುತ್ತೆ, ಇಳಿಯುತ್ತೆ. ಅರ್ಧ ಗಂಟೆ ತಳ್ಳಿ. ಒಬ್ರೇ ಇರ್ಬೇಡಿ. ಪಾಲಿಶ್ ಕೆಲ್ಸ ಬಿಡೋಕಾಗುತ್ತಾ?"

ಬೇರೇನು ಬರುತ್ತದೆ ನನಗೆ? ಹಳೆಯ ಮೇಜಿನ ಹತ್ತು ಕೋಟು ಪಾಲಿಶ್ ಒಂದೇ ಸಲ ಉಜ್ಜಿದರೆ ಹೋಗುವುದಿಲ್ಲ, ಗೊತ್ತು. ಆದರೆ ಮೇಜು ನನ್ನನ್ನು ಅನುಮಾನಿಸುವುದಿಲ್ಲ.

ಇವಳು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು, ಅಂಕ ಹಾಕುವ ವಿಷಯವನ್ನೂ.

ಮಾರ್ಚ್ 14, ಸಂಜೆ 4.10

ಅಂಗಡಿಯಲ್ಲಿ ನಾನೊಬ್ಬನೇ. ಮುಚ್ಚಳ ತೆಗೆದಿದ್ದೇನೆ. ಇದು ಕುಡಿಯುವಂಥದ್ದಲ್ಲ, ವಿಷ. ಗೊತ್ತು. ಆದರೂ ಒಂಬತ್ತು. ಕೈ ಡಬ್ಬದ ಮೇಲೇ ಇದೆ. ಇವಳಿಗೆ ಫೋನ್ ಮಾಡಿ "ಬಾ" ಅಂದೆ, ಅಷ್ಟೇ.

4.25

ಬಂದಳು. ಅಂಗಿ ಮೂಸಲಿಲ್ಲ. ಚಿಂದಿಬಟ್ಟೆಯನ್ನು ಡಬ್ಬದಲ್ಲಿ ಅದ್ದಿ ಬೀರುವಿನ ಬಾಗಿಲು ಉಜ್ಜತೊಡಗಿದಳು.

"ಇವತ್ತು ನಾನೂ ನಾರ್ತೀನಿ, ಬಿಡಿ. ಈಗೆಷ್ಟು?"

"ಒಂಬತ್ತೇ."

"ಬರೀತಾ ಇರಿ. ಗಡಿಯಾರ ನಾನು ನೋಡ್ತೀನಿ."

ಒಂಬತ್ತು.

ಎಂಟು. ಅಡ್ಡಾದಿಡ್ಡಿ ಉಜ್ಜುತ್ತಿದ್ದಾಳೆ. ಎರಡು ದಿನದ ಕೆಲಸ ಹಾಳು!

ಎಂಟು.

ಏಳು. ಮರದ ಎಳೆ ನೋಡಿ ಉಜ್ಜೇ ಅಂದರೆ ನಗುತ್ತಾಳೆ.

ಆರು. ಅಯ್ಯೋ, ಕೊಡೇ ಇಲ್ಲಿ ಆ ಚಿಂದಿ—