ಒಂದು ಕೋವಿ, ಒಂದು ಕೈ

ಜನವರಿ 8, ಸೋಮವಾರ

ಬೆಳಿಗ್ಗೆಯಿಂದ ಬಳ್ಳಿ ಕೆತ್ತುತ್ತಿದ್ದೇನೆ. ಕೋವಿಯಿಂದ ಬಿಚ್ಚಿ ತಂದ ಉಕ್ಕಿನ ಪಟ್ಟಿ. ಅರಗಿನಲ್ಲಿ ಕೂರಿಸಿ ಐದು ಎಲೆ ಮುಗಿಸಿದೆ. ಆರನೆಯದಕ್ಕೆ ಉಳಿ ಮೊಂಡಾಯಿತು. ಸಾಣೆಗೆ ಹಿಡಿದೆ. ಕೆಳಗೆ ಚರ್ಮದ ಕಾರ್ಖಾನೆಯ ವಾಸನೆ, ಮಾಳಿಗೆಯಲ್ಲಿ ಮಗಳು ಸೌಮ್ಯಾಳ ಮೊಬೈಲ್ ಹಾಡು, ನಡುವೆ ನಾನು. ಧಾರಾವಿಯಲ್ಲಿ ಇದಕ್ಕಿಂತ ಪ್ರಶಸ್ತ ಜಾಗ ಸಿಗಲಿಕ್ಕಿಲ್ಲ.

ಇವರು ಮಂಚದ ಮೇಲೆ ಕೂತು ಬಲಗೈ ನೋಡಿಕೊಳ್ಳುತ್ತಾರೆ. ಅದು ನಡುಗಲು ಶುರುವಾಗಿ ಒಂಬತ್ತು ವರ್ಷ. ಅಂದಿನಿಂದ ಕೋವಿಗಳ ಮೇಲೆ ಓಡಾಡುವ ಹುಲಿ, ಹಂದಿ, ಬಾತುಕೋಳಿ ಎಲ್ಲ ನನ್ನವು. ಒಯ್ದು ಕೊಡುವವರು ಇವರು. ಫೋರ್ಟ್‌ನಲ್ಲಿ ಬಂದೂಕಿನ ಅಂಗಡಿ ಇಟ್ಟಿರುವ ಹಿತೇಶ್ ಸೇಠ್ ಹುಬ್ಬಳ್ಳಿಯಲ್ಲಿ ಬೆಳೆದವನು. "ಸಾಯಬಣ್ಣಾ, ನಿಮ್ಮ ಕೈ ಅಂದ್ರ ಕೈ ನೋಡ್ರಿ" ಅಂತಾನಂತೆ. ಇವರು ಆ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡು ನಗುತ್ತಾರಂತೆ.

ಜನವರಿ 11, ಗುರುವಾರ

ಹಿತೇಶನ ಫೋನ್. ಹಳೆಯ ಜೋಡಿ ನಳಿಗೆಯ ಕೋವಿ. ಒಂದು ಶೂಟಿಂಗ್ ಕ್ಲಬ್ಬಿನ ಗಾಜಿನ ಕಪಾಟಿಗೆ. ಎಡಕ್ಕೆ ಕೃಷ್ಣಮೃಗ, ಬಲಕ್ಕೆ ನವಿಲು. ಆದರೆ ಇದರಲ್ಲಿ ಬಿಚ್ಚುವ ಪಟ್ಟಿ ಇಲ್ಲ. ಕೆತ್ತಬೇಕಾದ್ದು ನಂಬರ್ ಇರುವ ನಡುಭಾಗದ ಮೇಲೆಯೇ. ಲೈಸೆನ್ಸಿನ ಕಾನೂನಿನಂತೆ ಅದು ಅಂಗಡಿ ದಾಟುವಂತಿಲ್ಲ. ಕೆತ್ತುವವರೇ ಹೋಗಿ ಕೂರಬೇಕು.

"ಆಗೂದಿಲ್ಲ ಅಂತ ಹೇಳಿಬಿಡ್ತೀನಿ" ಅಂದರು ಇವರು.

"ಯಾಕ್ರಿ?"

"ನಾ ಕೆತ್ತಿದ್ರ ಜಿಂಕೀಗೆ ಚಳಿಜ್ವರ ಬಂದಂಗ ಕಾಣ್ತೈತಿ."

"ನೀವು ಮನ್ಯಾಗ ಅನ್ನಕ್ಕಿಡ್ರಿ. ನಾ ಹೋಗ್ತೀನಿ."

ಇವರು ಬಲಗೈಯನ್ನು ಚಾದರದಡಿ ಸರಿಸಿದರು. ಆಮೇಲೆ — "ಸೇಠಗ ಗೊತ್ತಾಗ್ತೈತಲ್ಲ."

"ಆಗ್ಲಿ ಅಂತನ ಹೊಂಟೀನಿ."

ಜನವರಿ 15, ಸೋಮವಾರ

ಸಾಯನ್‌ನಿಂದ ಲೋಕಲ್. ಲೇಡೀಸ್ ಡಬ್ಬಿಯಲ್ಲಿ ಒಂದೇ ಕಾಲು ಊರಲು ಜಾಗ. ಅಂಗಡಿಯಲ್ಲಿ ಹಿತೇಶ್ ನನ್ನ ಬೆನ್ನ ಹಿಂದೆ ಇಣುಕಿದ.

"ಸಾಯಬಣ್ಣ ಎಲ್ಲಿ?"

"ಅನ್ನಕ್ಕಿಟ್ಟಾರ."

"ಮತ್ತ ಕೆಲಸ?"

"ಒಂಬತ್ತು ವರ್ಷದಿಂದ ನೀವು ಹೊಗಳೂ ಕೈ ಇದ ನೋಡ್ರಿ ಸೇಠ."

ನಂಬಲಿಲ್ಲ. ಮೇಜು ತೋರಿಸಿದ. ಬೇಡವೆಂದು ನೆಲದ ಮೇಲೆ ಕೂತೆ. ಮರದ ದಿಮ್ಮಿಗೆ ಉಕ್ಕು ಬಿಗಿದೆ. ಕೊಂಬಿನ ಮೊದಲ ಸುರುಳಿ ತೆಗೆಯುವವರೆಗೆ ಎದುರಿಗೇ ನಿಂತಿದ್ದ. ಆಮೇಲೆ ಫ್ಯಾನ್ ನನ್ನ ಕಡೆ ತಿರುಗಿಸಿ ಗಲ್ಲಾಕ್ಕೆ ಹೋದ.

ಜನವರಿ 24, ಬುಧವಾರ

ಎಡಗಡೆ ಮುಗಿಯಿತು. ಕೃಷ್ಣಮೃಗ ಕತ್ತು ಹೊರಳಿಸಿ ನಿಂತಿದೆ, ಕಿವಿ ನೆಟ್ಟಗೆ. ಚೆನ್ನಾಗಿದೆ. ನಾನೇ ಹೇಳಿಕೊಳ್ಳುತ್ತೇನೆ, ಇಲ್ಲಿ ಓದುವವರು ಯಾರಿದ್ದಾರೆ?

ಹಿತೇಶ್ ಒಂದು ಹಿತ್ತಾಳೆಯ ಹಲಗೆ, ಒಂದು ಚೀಟಿ ತಂದಿಟ್ಟ. ಕಪಾಟಿನ ಕೆಳಗೆ ಜಡಿಯಲಿಕ್ಕೆ. ಚೀಟಿಯಲ್ಲಿ — ಕೆತ್ತನೆ: ಸಾಯಬಣ್ಣ.

"ಇದನ್ನೂ ಕೊರದುಬಿಡ್ರಿ ಅಕ್ಕಾರ."

"ಜಿಂಕಿ ಯಾರ್ದು ಸೇಠ?"

"ನಿಮ್ದ. ಯಾರು ಇಲ್ಲಂದ್ರು? ಆದ್ರ ಮಾರ್ಕೆಟ್ಟಿನ್ಯಾಗ ನಡಿಯೂ ಹೆಸರು ಅವರ್ದು. ಮನೀದ ಹೆಸರು, ಹೊರಗಿಂದೇನಲ್ಲ."

ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದೆ. ಬಲಗಡೆ ಖಾಲಿ.

"ನವಿಲು?" ಅಂದ.

"ನನ್ನ ಹೆಸರು ಬಂದ ಮ್ಯಾಲ ನವಿಲು ಬರ್ತೈತಿ."

ಜನವರಿ 25, ಗುರುವಾರ

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ. ಒಂದು ಕೋವಿಗೆ ಒಂದೇ ಕೈ. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮಾವನವರು ಕಲಿಸುವಾಗ ಮೊದಲು ಹೇಳಿದ್ದೇ ಇದು. ನೆರಳಿಗೆಂದು ಎಳೆಯುವ ಸಣ್ಣ ಗೆರೆಗಳು ಒಬ್ಬೊಬ್ಬರಲ್ಲಿ ಒಂದೊಂದು ಕಡೆ ವಾಲುತ್ತವೆ. ಎರಡು ಕೈ ಬಿದ್ದರೆ ಕೋವಿ ಮೆಳ್ಳಗಣ್ಣು ಬಿಟ್ಟ ಹಾಗೆ ಕಾಣುತ್ತದೆ. ನನಗೆ ಗೊತ್ತಿದ್ದ ಹಾಗೆ ಮುಂಬಯಿಯಲ್ಲಿ ಈ ಕೆಲಸಕ್ಕೆ ಉಳಿದವರು ಇನ್ನಿಬ್ಬರು. ಕರೆಯಲಿ, ನೋಡೋಣ.

ಸೌಮ್ಯಾ ಕೇಳಿದಳು, "ಅವ್ವಾ, ತೂ ಸ್ಟ್ರೈಕ್ ಪೇ ಹೈ ಕ್ಯಾ?"

"ಹೂಂ."

"ಡಿಮಾಂಡ್ಸ್?"

"ಒಂದ."

ಫೆಬ್ರವರಿ 3, ಶನಿವಾರ

ಒಂಬತ್ತು ದಿನ ಉಳಿ ಮುಟ್ಟಿಲ್ಲ. ಬೇರೆ ಕೆಲಸ ಕೊಡುವವರೂ ಇಲ್ಲ. ಹಿತೇಶ್ ಆ ಇಬ್ಬರನ್ನೂ ಅಂಗಡಿಗೆ ಕರೆಸಿದನಂತೆ. ಭೂತಗನ್ನಡಿ ಹಿಡಿದು ಜಿಂಕೆ ನೋಡಿದರಂತೆ, ಕೈ ಮುಗಿದು ಎದ್ದು ಹೋದರಂತೆ.

ಇವತ್ತು ಇವರಿಗೇ ಫೋನ್. "ನೀವ ಬರ್ರಿ. ಮನೀದ ಕೈ, ಕಟ್ಟಳಿ ಮುರದಂಗಾಗೂದಿಲ್ಲ."

ಇವರು ಒಗೆದ ಅಂಗಿ ಹುಡುಕಿದರು.

"ಹೊಂಟ್ರೇನು?"

"ಕರದಾನಲ್ಲ."

ಉಳಿಯ ಗಂಟು ತೆಗೆದು ಇವರ ಕೈಗೇ ಕೊಟ್ಟೆ. ಬಾಗಿಲಿಗೆ ಅಡ್ಡ ನಿಂತು ಗೆದ್ದ ಹೆಸರು ನನಗೆ ಬೇಡ. ಆ ಕೈ ನವಿಲನ್ನು ಹಾಳು ಮಾಡಿದರೆ ಮಾಡಲಿ. ಹಿತ್ತಾಳೆಯನ್ನು ಮಾತ್ರ ನಾನು ಕೊರೆಯುವುದಿಲ್ಲ.

ಅದೇ ದಿನ, ಸಂಜೆ 6:40

ಬಂದರು. ಗಂಟು ನಾನು ಹಾಕಿದ ಹಾಗೇ ಇದೆ. ತಾವೇ ಹೇಳಿದರು.

"ಜಿಂಕೀನ ನೋಡಕೋತ ಕೂತೆ. ಅದರ ಕಿವಿ ನನ್ನ ಕೈಲಿ ಎಂದೂ ಹಂಗ ಬಂದಿರಲಿಲ್ಲ ದಾನವ್ವ. ಕೈ ಚಲೋ ಇದ್ದಾಗೂ ಬಂದಿರಲಿಲ್ಲ."

"ಸೇಠಗ ಏನಂದ್ರಿ?"

"ಇದು ನನ್ನ ಕೈ ಅಲ್ಲ, ಒಂಬತ್ತು ವರ್ಷದಿಂದ ಒಂದೂ ನನ್ನದಲ್ಲ ಅಂದೆ. ಜೇಬಿನ್ಯಾಗಿಂದ ಕೈ ತಗದು ತೋರಿಸಿದೆ. ಹಲಗಿ ಮ್ಯಾಲ ದಾನವ್ವ ಅಂತ ಬರೀರಿ, ಇಲ್ಲಾಂದ್ರ ಅರ್ಧಾ ಕೋವಿನ ಖಾಲಿ ಕಡಿ ಗ್ವಾಡಿಗೆ ಹೊಳ್ಳಿಸಿ ಇಡ್ರಿ ಅಂದೆ."

"ಅಂವ?"

"ಗುಜರಾತಿಯಾಗ ಬೈದ. ಆಮ್ಯಾಲ ಕ್ಲಬ್ಬಿಗೆ ಫೋನ್ ಹಚ್ಚಿದ. ಆ ಕಡಿಯವರಿಗೆ ಹೆಸರು ತಿಳೀಲಿಲ್ಲ ಕಾಣ್ತೈತಿ. ದಾನವ್ವ, ದಾನವ್ವ ಅಂತ ಮೂರು ಸಲ ಹೇಳಿದ."

ನೀರು ಕೊಟ್ಟೆ. ಲೋಟ ಇವರ ಕೈಯಲ್ಲಿ ಟಕಟಕ ಅಂದಿತು. ಇವತ್ತು ಮುಚ್ಚಿಕೊಳ್ಳಲಿಲ್ಲ.

ಮೊಬೈಲ್ ಬಡಿದುಕೊಳ್ಳುತ್ತಿದೆ. ಇವರದ್ದಲ್ಲ, ನನ್ನದು. ಹಿತೇಶ್. "ಎತ್ತು, ಎತ್ತು" ಅಂತ ಇವರ ಅವಸರ. ಎತ್ತುತ್ತೇನೆ. ಸೇಠ್ ಸ್ವಲ್ಪ ಕಾಯಲಿ, ಈ ಸಾಲು ಮುಗಿ—