ಚಾವಣಿಯಡಿ ಕೂತು ಹದ್ದು ಎಣಿಸುವ ಬಗೆ

ಮಾನ್ಯ ವನ್ಯಜೀವಿ ಅಧಿಕಾರಿಗಳೇ,

ಬೆಟ್ಟದ ಮೇಲೆ ನಾವು ಹಕ್ಕಿ ಎಣಿಸಲು ಕೂರುವ ಕಟ್ಟೆಗೆ ತಾವು ಕಾಂಕ್ರೀಟ್ ಚಾವಣಿ ಹಾಕಿಸಿದ್ದೀರಿ. ನಮ್ಮ ದೂರು ಅಷ್ಟೇ. ವಲಸೆ ಹೊರಟ ಹದ್ದು, ಗಿಡುಗಗಳು ತಲೆಯ ಮೇಲೆ ಹಾರುತ್ತವೆ ಎಂಬ ಅಂಶ ನಕ್ಷೆ ಮಂಜೂರು ಮಾಡುವಾಗ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಚಾವಣಿ ಸೊಗಸಾಗಿದೆ, ಸುಳ್ಳು ಹೇಳಬಾರದು. ಒಳಗಡೆ ತಿಳಿನೀಲಿ ಬಳಿಸಿ ಬಿಳಿ ಮೋಡಗಳನ್ನೂ ಬರೆಸಿದ್ದೀರಿ. ಆದರೆ ಎಣಿಕೆದಾರರು ಅದರಡಿಯಲ್ಲೇ ಕೂರತಕ್ಕದ್ದು ಎಂದು ಆಜ್ಞೆ ಹೊರಡಿಸಿದಿರಿ. ಆಮೇಲೆ, ಈ ವಸಂತದಲ್ಲಿ ಹಕ್ಕಿಗಳು ಬೆರಳೆಣಿಕೆಗೆ ಇಳಿದಿವೆ ಎಂದು ಕಳವಳಪಟ್ಟಿರಿ. ಈಗ, ಹಕ್ಕಿಗಳೇ ಇಲ್ಲದ ಮೇಲೆ ಎಣಿಕೆ ಯಾಕೆಂದು ಬರುವ ವರ್ಷದಿಂದ ಅದನ್ನೇ ರದ್ದು ಮಾಡಹೊರಟಿದ್ದೀರಿ. ಕಣ್ಣು ಕಟ್ಟಿಕೊಂಡು ಊರು ಖಾಲಿಯಾಯಿತು ಎನ್ನುವವರಿಗೆ ತಮ್ಮ ಕಚೇರಿಯಲ್ಲಿ ಬಡ್ತಿ ಇದೆಯೇ? ಎಣಿಕೆ ನಿಂತು ಹಕ್ಕಿಗಳ ದಾಖಲೆ ಇಲ್ಲವಾದರೆ ಬೆಟ್ಟದ ಕೆಳಗಿನ ಕಣಿವೆಯಲ್ಲಿ ಕಲ್ಲು ಒಡೆಯಲು ಕಾದು ಕೂತವರಿದ್ದಾರೆ ಎಂಬುದಾದರೂ ತಮಗೆ ಗೊತ್ತೇ?

ನಡೆದದ್ದು ಹೇಳುತ್ತೇನೆ. ನಾನು ಟೈಲರ್. ನನ್ನ ಅತ್ತೆ ನಿವೃತ್ತ ಬಸ್ ಕಂಡಕ್ಟರ್. ವಸಂತ ಬಂತೆಂದರೆ ಇಬ್ಬರೂ ಅಂಗಡಿಗೆ ಬೀಗ ಹಾಕಿ ಬೆಟ್ಟ ಹತ್ತುತ್ತೇವೆ. ಹೋದ ವಾರ ನಾನು ಆಜ್ಞೆಗೆ ತಲೆಬಾಗಿ ಒಳಗೆ ಕೂತಿದ್ದೆ. ಅತ್ತೆ ಹೊರಗೆ ಚಾಪೆ ಹಾಸಿ ಮಲಗಿದ್ದರು. ಆಗಲೇ ಚಾವಣಿ ಹಾಕಿಸಿದ ತಮ್ಮ ಇಂಜಿನಿಯರ್ ಸಾಹೇಬರು ಪರಿಶೀಲನೆಗೆ ಬಂದರು.

"ಅಮ್ಮಾ, ಒಳಗೆ ಬನ್ನಿ. ರೂಲ್ಸ್ ಇದೆ."

"ಬರ್ತೀನಪ್ಪ. ಇವೆಲ್ಲ ಹೋಗಿಬಿಡ್ಲಿ."

"ಯಾವುವು?"

ಅತ್ತೆ ಬೆರಳು ತೋರಿಸಿದರು. ಬಿಸಿಗಾಳಿಯ ಸುಳಿಯಲ್ಲಿ ಹದ್ದುಗಳು ಒಂದರ ಮೇಲೊಂದು ಸುತ್ತುತ್ತ ಏರುತ್ತಿದ್ದವು. ಸಾಹೇಬರು ಬಾಯಿ ತೆರೆದುಕೊಂಡೇ ಎಣಿಸತೊಡಗಿದರು.

"ಸುತ್ತೋವಾಗ ಎಣಿಸ್ಬೇಡ, ಲೆಕ್ಕ ತಪ್ಪುತ್ತೆ. ಮೇಲೆ ಹೋಗಿ ಸಾಲಾಗಿ ಹೊರಡ್ತವಲ್ಲ, ಆಗ ಎಣಿಸು. ಬಸ್ಸಿಂದ ಜನ ಇಳಿಯೋವಾಗ ಎಣಿಸ್ದಂಗೆ."

ಅವರು ಬೂಟು ಕಳಚಿ ಚಾಪೆಯ ಇನ್ನೊಂದು ತುದಿಯಲ್ಲಿ ಮಲಗಿಯೇಬಿಟ್ಟರು. ಮಧ್ಯೆ ಒಂದು ಜಗಳವೂ ಆಯಿತು.

"ಅದು ಕಾಗೆ ಅಮ್ಮಾ."

"ಕಾಗೆ ಎಲ್ಲಾದ್ರೂ ರೆಕ್ಕೆ ಹಿಂಗೆ ಚಾಚುತ್ತಾ?"

ಕಾಗೆಯೇ ಆಗಿತ್ತು. ಅತ್ತೆ ಒಂದನ್ನು ಕಳೆದರು, ಮುಖ ಊದಿಸಿಕೊಂಡು.

ಸಂಜೆ ಲೆಕ್ಕ ಹೋಲಿಸಿದೆವು. ಒಳಗೆ ಕೂತ ನನಗೆ ಕಂಡದ್ದು ಹನ್ನೊಂದು. ಹೊರಗೆ ಮಲಗಿದವರದು ಮುನ್ನೂರು ದಾಟಿತ್ತು. ಸಾಹೇಬರು ಚಾವಣಿಯ ಕಡೆ ತುಸು ಹೊತ್ತು ನೋಡಿ, "ಇದನ್ನ ತೆಗೆಯೋದು ದೊಡ್ಡ ಕೆಲಸ ಅಲ್ಲ. ಮೇಲಿಂದ ಒಂದು ಮಾತು ಬರಬೇಕು ಅಷ್ಟೇ" ಎಂದರು. ರಜೆಯ ದಿನ ಮತ್ತೆ ಬಂದರು, ಹೆಂಡತಿಯನ್ನೂ ಕರೆದುಕೊಂಡು.

ಆದ್ದರಿಂದ ಒತ್ತಾಯ ಇಷ್ಟು: ಚಾವಣಿ ತೆಗೆಸಿ, ಎಣಿಕೆ ಮುಂದುವರಿಸಿ. ನಿರ್ಧಾರಕ್ಕೆ ಮೊದಲು ಒಂದು ಬೆಳಗ್ಗೆ ತಾವೇ ಬೆಟ್ಟ ಹತ್ತಿ ಬನ್ನಿ. ಅತ್ತೆ ಇನ್ನೊಂದು ಚಾಪೆ ತರುತ್ತಾರೆ. ದಿಂಬು ಮಾತ್ರ ತಮ್ಮದೇ ಇರಲಿ.

ಇಂತಿ,
ತಮ್ಮ ಆಜ್ಞೆ ಮೀರಿ ಈಗ ಬಿಸಿಲಲ್ಲೇ ಕೂತು ಮೂಗು ಸುಟ್ಟುಕೊಂಡಿರುವ
ಒಬ್ಬ ಟೈಲರ್